ಮಕ್ಕಳಾಗುವ ಮುಂಚೆಯೋ, ಆದಮೇಲೋ? ಒಂದು ಆಪರೇಶನ್ನಿನ ಹಿಂದಿನ ಚರಿತ್ರೆ

ಈ ವಿಷಯ ಬರೆಯಲೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದ್ದೇನೆ. ತುಳಶೀಬಾಗಿನ ಪಾತ್ರೆ ಅಂಗಡಿಗಳ ಬಗ್ಗೆ ಬರೆದಾಗ ಇಂಥ ತೊಂದರೆ ಇರಲಿಲ್ಲ ನೋಡಿ! ಆದರೆ ಇದು ನಮ್ಮ ಮನೆಯಲ್ಲೇ ನಡೆದದ್ದು. ಊರು ಬಿಟ್ಟು ಬಂದು ಇಲ್ಲೇ ಬೇರು ಬಿಟ್ಟ ನಮ್ಮಂಥವರ ಎಷ್ಟೋ ಮನೆಗಳಲ್ಲಿ ಇಂದಲ್ಲ ನಾಳೆ ನಡೆಯುವಂಥದ್ದು. ಮುಜುಗರ ಅನಿಸುವವರು ಇಲ್ಲಿಗೇ ನಿಲ್ಲಿಸಿ, ನನಗೇನೂ ಬೇಜಾರಿಲ್ಲ.

ಮೂರು ವರ್ಷದ ಹಿಂದಿನ ಮಾತು. ಅಕ್ಕನ ಮಗಳು ಪುಣೆಗೆ ಕೆಲಸಕ್ಕೆ ಬಂದು ಹಿಂಜವಡಿಯ ಹತ್ತಿರ ಪಿಜಿಯಲ್ಲಿದ್ದಳು. ಶನಿವಾರ ರಾತ್ರಿ ನಮ್ಮ ಮನೆಗೆ ಬರುವುದು, ಭಾನುವಾರ ಜೋಳದ ರೊಟ್ಟಿ ಉಂಡು ಹೊರಡುವುದು ರೂಢಿ. ಒಂದು ಭಾನುವಾರ ಊಟವಾದ ಮೇಲೆ ನಾನು ಅಡುಗೆಮನೆ ಕಟ್ಟೆ ಒರೆಸುತ್ತಿದ್ದೆ. ಹಿಂದೆ ಬಂದು ನಿಂತಳು.

"ಚಿಗವ್ವ, ಒಂದ್ ಮಾತ್ ಕೇಳತೇನಿ. ಅವ್ವಗ ಹೇಳಬ್ಯಾಡ."

ಹುಡುಗ ಗೊತ್ತಾಗಿದ್ದ, ನಿಶ್ಚಯವೂ ಆಗಿತ್ತು. ಅದರಲ್ಲೇ ಏನೋ ತಕರಾರು ಬಂತು ಅಂದುಕೊಂಡು ನನ್ನ ಎದೆ ಧಸಕ್ಕೆಂದಿತು. ವಿಷಯ ಅದಲ್ಲ. ಕಾಲೇಜಿನ ದಿನದಿಂದಲೂ ಅವಳಿಗೆ ಎದೆಭಾರ ಜಾಸ್ತಿ. ಸಂಜೆಯಾದರೆ ಕುತ್ತಿಗೆ, ಬೆನ್ನು ನೋವು. ಹೆಗಲ ಮೇಲೆ ಬ್ರಾ ಪಟ್ಟಿ ಕೂತು ಎರಡು ಗೆರೆ ತೋಡಿದ ಹಾಗೆ ಆಗಿದೆ. ಬೇಸಿಗೆಯಲ್ಲಿ ಕೆಳಗೆ ಬೆವರುಸಾಲೆ. ಕುಳಿತು ಮಾಡುವ ಕೆಲಸ ಬೇರೆ. ಆಪರೇಶನ್ ಮಾಡಿ ಗಾತ್ರ ಕಡಿಮೆ ಮಾಡಬಹುದು ಅಂತ ಡಾಕ್ಟರು ಹೇಳಿದ್ದರಂತೆ.

"ಮದವಿಗೆ ಮೊದಲ ಮಾಡಿಸ್ಕೊಳ್ಳಲೋ, ಮಕ್ಕಳಾದ ಮ್ಯಾಲ ಮಾಡಿಸ್ಕೊಳ್ಳಲೋ?"

"ಮೊದಲ ಮಕ್ಕಳಾಗಲಿ. ಆಮ್ಯಾಲ ನೋಡೂಣಂತ" ಅಂದೆ. ಒಂದು ಸೆಕೆಂಡೂ ಯೋಚಿಸಲಿಲ್ಲ.

"ಯಾಕ?" ಅಂದಳು.

ಉತ್ತರ ಇರಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು, "ರೂಲ್ ಹಾಗಿದೆ" ಅಂತ ಗಿರಾಕಿಗಳಿಗೆ ಹೇಳಿ ಹೇಳಿ ಮನೆಯಲ್ಲೂ ಅದೇ ಬಾಯಿಗೆ ಬಂದಿತ್ತು. "ಎರಡು ತಿಂಗಳು ಟೈಮ್ ಕೊಡು, ಓದಿ ಹೇಳತೇನಿ" ಅಂದೆ. ನಾನು ಬಿ.ಕಾಂ. ಮಾಡಿದವಳು, ಡಾಕ್ಟರಲ್ಲ. ಆದರೆ ಒಂದು ಕಡತ ಕೈಗೆ ಬಂದರೆ ಅದರ ಹಿಂದಿನ ಪುಟಗಳನ್ನು ತಿರುವಿ ನೋಡುವುದು ನನ್ನ ಕಸುಬು. ಆ ಹಿಂದಿನ ಪುಟಗಳಲ್ಲಿ ಸಿಕ್ಕಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಪುಣೆಯ ಒಂದು ಮೂಗು

ಶುರು ಮಾಡಿದ್ದು ಎಲ್ಲಿಂದಲೋ, ಬಂದು ಮುಟ್ಟಿದ್ದು ನನ್ನ ಊರಿಗೇ!

1792ರಲ್ಲಿ ಮುಗಿದ ಮೈಸೂರು ಯುದ್ಧದಲ್ಲಿ ಕಾವಸ್‌ಜಿ ಅನ್ನುವ ಒಬ್ಬ ಎತ್ತಿನ ಗಾಡಿ ಹೊಡೆಯುವವನು ಇಂಗ್ಲಿಷರ ದಂಡಿನ ಜೊತೆ ಇದ್ದ. ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕ. ಅವರು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಆಮೇಲೆ ಪುಣೆಯಲ್ಲಿ ಇಲ್ಲಿನ ಒಬ್ಬ ದೇಸಿ ವೈದ್ಯ ಅವನಿಗೆ ಹೊಸ ಮೂಗು ಕಟ್ಟಿದ. ಇಬ್ಬರು ಇಂಗ್ಲಿಷ್ ಡಾಕ್ಟರರು ಕಣ್ಣಾರೆ ನೋಡಿದರು. ಅದರ ವರ್ಣನೆ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಝೀನ್‌ನಲ್ಲಿ ಚಿತ್ರಸಮೇತ ಅಚ್ಚಾಯಿತು. ಅದನ್ನು ಓದಿ, ವರ್ಷಗಟ್ಟಲೆ ಅಭ್ಯಾಸ ಮಾಡಿ, ಜೋಸೆಫ್ ಕಾರ್ಪ್ಯೂ ಅನ್ನುವ ಸರ್ಜನ್ 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಶನ್ ಮಾಡಿದ. ಯುರೋಪಿನ ಹೊಸಗಾಲದ ಪ್ಲಾಸ್ಟಿಕ್ ಸರ್ಜರಿ ಚಿಗುರಿದ್ದು ಅಲ್ಲಿಂದ.

ಆ ವೈದ್ಯ ಮಾಡಿದ್ದೇನು? ಮೇಣದಲ್ಲಿ ಮೂಗಿನ ಅಳತೆ ಮಾಡಿಕೊಂಡ. ಅದನ್ನು ಹರಡಿ ಹಣೆಯ ಮೇಲಿಟ್ಟು ಗೆರೆ ಎಳೆದ. ಅಷ್ಟು ಚರ್ಮ ಬಿಡಿಸಿ, ತಿರುಗಿಸಿ ಕೆಳಗೆ ತಂದು ಕೂರಿಸಿದ. ಆದರೆ ಪೂರ್ತಿ ಬಿಡಿಸಲಿಲ್ಲ. ಎರಡು ಹುಬ್ಬಿನ ನಡುವೆ ಒಂದು ತೊಟ್ಟು ಹಾಗೇ ಉಳಿಸಿದ. ಹೊಸ ಮೂಗಿಗೆ ಆ ತೊಟ್ಟಿನಿಂದಲೇ ರಕ್ತ ಹರಿಯಬೇಕು. ಮೂಗು ಹೊಸ ಜಾಗದಲ್ಲಿ ಬೇರು ಹಿಡಿದ ಮೇಲೆ, ಸುಮಾರು 25 ದಿನಕ್ಕೆ, ತೊಟ್ಟನ್ನು ಕತ್ತರಿಸಿದ.

ಮೂಗಿಗೂ ನನ್ನ ಅಕ್ಕನ ಮಗಳ ಪ್ರಶ್ನೆಗೂ ಏನು ಸಂಬಂಧ ಅಂತ ಕೇಳಬೇಡಿ, ಬರುತ್ತೇನೆ. ಈ "ತೊಟ್ಟು ಉಳಿಸುವುದು" ಅನ್ನುವ ಮಾತನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಒಳಗೇನಿದೆ?

ಎರಡು ಮಕ್ಕಳಿಗೆ ಹಾಲು ಕುಡಿಸಿದ ನನಗೆ ಎದೆಯ ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ ಅನ್ನುವುದು ನಾಚಿಕೆಯ ಮಾತೇ.

ಆಸ್ಟ್ಲಿ ಕೂಪರ್ ಅನ್ನುವ ಇಂಗ್ಲಿಷ್ ಸರ್ಜನ್ 1840ರಲ್ಲಿ ಸ್ತನದ ರಚನೆಯ ಮೇಲೆ ಒಂದು ದೊಡ್ಡ ಪುಸ್ತಕ ತಂದ. ಸತ್ತ ಬಾಣಂತಿಯರ ಸ್ತನದ ಹಾಲಿನ ನಾಳಗಳಿಗೆ ಬಣ್ಣದ ಮೇಣ ತುಂಬಿಸಿ, ಅವು ಮರದ ಬೇರಿನ ಹಾಗೆ ಹೇಗೆ ಹರಡಿವೆ ಅಂತ ತೋರಿಸಿದ. ಮುಂದೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳ ಚಿತ್ರಗಳಿಗೆ ಇದೇ ಆಧಾರ. ಒಂದೊಂದು ಸ್ತನದಲ್ಲಿ 15ರಿಂದ 20 ನಾಳ ತೊಟ್ಟಿನಲ್ಲಿ ಬಾಯಿ ಬಿಡುತ್ತವೆ ಅಂತ ಬರೆಯುತ್ತಿದ್ದರು. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ಸಂಶೋಧಕರು ಹಾಲು ಕುಡಿಸುವ ತಾಯಂದಿರನ್ನೇ ಅಲ್ಟ್ರಾಸೌಂಡ್ ಮಾಡಿ ನೋಡಿದರು. ಸಿಕ್ಕಿದ್ದು ಸರಾಸರಿ 9 ನಾಳ! ಕೆಲವರಲ್ಲಿ ನಾಲ್ಕೇ.

ಇರುವುದೇ ಒಂಬತ್ತು ಅಂದಮೇಲೆ ಎರಡು ಮೂರು ಕತ್ತರಿಸಿ ಹೋದರೆ ಸಣ್ಣ ನಷ್ಟವಲ್ಲ.

ನಾಳಗಳಷ್ಟೇ ಅಲ್ಲ, ನರವೂ ಬೇಕು. ಮಗು ಚೀಪಿದ ಸುದ್ದಿ ಪಕ್ಕೆಲುಬಿನ ಸಂದಿಯಿಂದ ಬರುವ ನರಗಳ ಮೂಲಕ ಮೆದುಳಿಗೆ ಹೋಗಬೇಕು. ಆಗ ಆಕ್ಸಿಟೋಸಿನ್ ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ನಾಳ ಇದ್ದು ನರ ಕಡಿದಿದ್ದರೆ ಹಾಲು ಇದ್ದರೂ ಸರಿಯಾಗಿ ಇಳಿಯದು. ಹೊರಗಿನಿಂದ ನೋಡುವವರಿಗೆ ಇದಾವುದೂ ಕಾಣುವುದಿಲ್ಲ. ಬಹಳ ವರ್ಷ ಆಪರೇಶನ್ ಮಾಡುವವರೂ ನೋಡಿದ್ದು ಹೊರಗಿನ ಆಕಾರವನ್ನೇ.

ತುಂಬುವ ಕಥೆ

ಕಡಿಮೆ ಮಾಡುವುದಕ್ಕಿಂತ ಹೆಚ್ಚು ಮಾಡುವ ಕಥೆಯೇ ಹೆಚ್ಚು ಸದ್ದು ಮಾಡಿದ್ದು. ಅದನ್ನು ಮೊದಲು ಹೇಳಿಬಿಡುತ್ತೇನೆ.

1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ವಿನ್ಸೆಂಜ್ ಚೆರ್ನಿ ಅನ್ನುವ ಸರ್ಜನ್ ಒಬ್ಬ ಗಾಯಕಿಯ ಸ್ತನದಿಂದ ಗಡ್ಡೆ ತೆಗೆದ. ತೆಗೆದ ಜಾಗ ಹಳ್ಳ ಬೀಳಬಾರದೆಂದು ಅವಳ ದೇಹದಲ್ಲೇ ಇದ್ದ ಒಂದು ಕೊಬ್ಬಿನ ಗಡ್ಡೆಯನ್ನು ತಂದು ಅಲ್ಲಿಟ್ಟ. ಉದ್ದೇಶ ಒಳ್ಳೆಯದೇ. ನಾಲ್ಕು ವರ್ಷದ ಮೇಲೆ ವಿಯೆನ್ನಾದ ಗೆರ್ಸುನಿ ಪ್ಯಾರಾಫಿನ್ ಮೇಣವನ್ನು ಚುಚ್ಚುಮದ್ದಿನ ಹಾಗೆ ದೇಹಕ್ಕೆ ಹಾಕುವುದನ್ನು ಶುರು ಮಾಡಿದ. ಹೌದು, ಮೇಣದಬತ್ತಿ ಮಾಡುವ ಅದೇ ಪ್ಯಾರಾಫಿನ್. ಸ್ತನಕ್ಕೂ ಹಾಕಿದರು. ಅದು ಗಂಟು ಕಟ್ಟಿತು, ಜಾಗ ಬಿಟ್ಟು ಸರಿಯಿತು, ಹುಣ್ಣಾಯಿತು. ಎರಡನೇ ಮಹಾಯುದ್ಧದ ನಂತರ ಜಪಾನಿನಲ್ಲಿ, ಆಮೇಲೆ ಅಮೆರಿಕದಲ್ಲಿ ದ್ರವ ಸಿಲಿಕೋನನ್ನು ನೇರವಾಗಿ ಚುಚ್ಚಿದರು. ಅನಾಹುತಗಳು ಎಷ್ಟಾದವೆಂದರೆ 1970ರ ದಶಕದಲ್ಲಿ ನೆವಾಡಾ ರಾಜ್ಯ ಕಾನೂನು ಮಾಡಿ ಅದನ್ನು ಅಪರಾಧವೆಂದು ಸಾರಬೇಕಾಯಿತು.

ಇದಕ್ಕೆಲ್ಲ ಉತ್ತರ ಅನ್ನುವ ಹಾಗೆ ಬಂದದ್ದು ಸಿಲಿಕೋನ್ ಚೀಲ. ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ ಫ್ರಾಂಕ್ ಗೆರೋ, ಥಾಮಸ್ ಕ್ರೋನಿನ್ ಅನ್ನುವ ಇಬ್ಬರು ಸರ್ಜನ್‌ಗಳು. ಗೆರೋ ಒಂದು ದಿನ ಪ್ಲಾಸ್ಟಿಕ್ ರಕ್ತದ ಚೀಲವನ್ನು ಕೈಯಲ್ಲಿ ಹಿಸುಕಿ ನೋಡಿದಾಗ ಈ ಯೋಚನೆ ಹೊಳೆಯಿತಂತೆ. ಡೌ ಕಾರ್ನಿಂಗ್ ಕಂಪನಿ ಚೀಲ ಮಾಡಿಕೊಟ್ಟಿತು. ಮೊದಲು ಒಂದು ನಾಯಿಗೆ ಹಾಕಿ ನೋಡಿದರು. 1962ರಲ್ಲಿ ಒಬ್ಬ ಹೆಂಗಸಿಗೆ ಹಾಕಿದರು.

ಆ ಹೆಂಗಸು ಟಿಮ್ಮಿ ಜೀನ್ ಲಿಂಡ್ಸೆ. ಆರು ಮಕ್ಕಳ ತಾಯಿ, ಗಂಡನಿಂದ ಬೇರೆಯಾದವಳು. ಧರ್ಮಾಸ್ಪತ್ರೆಗೆ ಅವಳು ಬಂದದ್ದು ಎದೆಯ ಮೇಲಿನ ಹಚ್ಚೆ ತೆಗೆಸಿಕೊಳ್ಳಲು. ಡಾಕ್ಟರರು ಇದನ್ನು ಹಾಕಿಸಿಕೊಳ್ಳುತ್ತೀಯಾ ಅಂತ ಕೇಳಿದರು. ತನಗೆ ಬೇಕಿದ್ದದ್ದು ಮುಂದಕ್ಕೆ ಚಾಚಿದ ಕಿವಿಗಳನ್ನು ಸರಿ ಮಾಡಿಸಿಕೊಳ್ಳುವುದು ಅಂದಳು. ಅದನ್ನೂ ಮಾಡಿಕೊಡುತ್ತೇವೆ ಅಂದರು, ಒಪ್ಪಿದಳು. ಐವತ್ತು ವರ್ಷವಾದ ಮೇಲೆ ಪತ್ರಕರ್ತರು ಹುಡುಕಿಕೊಂಡು ಹೋದಾಗಲೂ ಅವೇ ಚೀಲಗಳು ಅವಳ ಎದೆಯಲ್ಲಿದ್ದವು.

ನನ್ನ ಕಣ್ಣು ನಿಂತದ್ದು "ಆರು ಮಕ್ಕಳ ತಾಯಿ" ಅನ್ನುವ ಮಾತಿನ ಮೇಲೆ. ಮಕ್ಕಳಾಗಿ ಮುಗಿದಿತ್ತು. ಹಾಗಾಗಿ ಮುಂಚೆಯೋ ಆಮೇಲೋ ಅನ್ನುವ ಪ್ರಶ್ನೆ ಅವತ್ತು ಆ ಕೋಣೆಯಲ್ಲಿ ಏಳಲೇ ಇಲ್ಲ. ಮುಂದಿನ ವರ್ಷ ಕ್ರೋನಿನ್ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಇದನ್ನು ಮಂಡಿಸಿದ. ಚೀಲ ಮಾರುಕಟ್ಟೆಗೆ ಬಂತು. ಮಕ್ಕಳಾಗದ ಹುಡುಗಿಯರ ಎದೆಗೂ ಹೋಯಿತು.

ಬ್ಯಾಂಕಿನವಳ ಕಣ್ಣಿಗೆ ಕಾಣುವ ಇನ್ನೊಂದು ಸಂಗತಿ. ಅಮೆರಿಕದಲ್ಲಿ ಇಂಥ ಉಪಕರಣಗಳ ಮೇಲೆ ಎಫ್‌ಡಿಎಗೆ ಸರಿಯಾದ ಅಧಿಕಾರ ಬಂದದ್ದೇ 1976ರಲ್ಲಿ. ಅಷ್ಟೊತ್ತಿಗೆ ಮಾರಾಟದಲ್ಲಿದ್ದವಕ್ಕೆ ಸದ್ಯಕ್ಕೆ ಮುಂದುವರಿಯಿರಿ ಅಂದರು. ಸುರಕ್ಷಿತ ಅನ್ನುವುದಕ್ಕೆ ಪುರಾವೆ ತನ್ನಿ ಅಂತ ತಯಾರಕರನ್ನು ಕಡ್ಡಾಯವಾಗಿ ಕೇಳಿದ್ದು 1991ರಲ್ಲಿ. ಅಂದರೆ ಸಾಲ ಕೊಟ್ಟು ಮೂವತ್ತು ವರ್ಷ ಆದಮೇಲೆ ಡಾಕ್ಯುಮೆಂಟ್ ಕೇಳಿದ ಹಾಗೆ! ನಮ್ಮ ಬ್ರಾಂಚಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಸಸ್ಪೆಂಡ್ ಆಗುತ್ತಿದ್ದರು. ಮಧ್ಯೆ 1982ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ, ಚಿಕ್ಕ ಸ್ತನ ಅನ್ನುವುದೇ ಒಂದು ರೋಗ ಅನ್ನುವ ಅರ್ಥದ ಮನವಿಯನ್ನು ಎಫ್‌ಡಿಎಗೆ ಕೊಟ್ಟಿತ್ತು. ನಗಬೇಕೋ ಅಳಬೇಕೋ ನೀವೇ ಹೇಳಿ.

ಹಾಲಿನ ಪ್ರಶ್ನೆ ಕೇಳಿದ್ದು ಯಾವಾಗ?

1990ರಲ್ಲಿ ಅಮೆರಿಕದ ಒಂದು ಅಧ್ಯಯನ ಚೊಚ್ಚಲ ಬಾಣಂತಿಯರ ಶಿಶುಗಳ ತೂಕ ಅಳೆಯುತ್ತ ಹೋಯಿತು. ಹಾಲು ಸಾಕಾಗುತ್ತದೋ ಇಲ್ಲವೋ ಅನ್ನುವುದಕ್ಕೆ ತಕ್ಕಡಿಯೇ ಸಾಕ್ಷಿ. ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ ಕೊಯ್ದು ಆಪರೇಶನ್ ಆದವರಲ್ಲಿ ಹಾಲು ಸಾಲದೇ ಹೋಗುವ ಸಾಧ್ಯತೆ ಆಪರೇಶನ್ ಆಗದವರಿಗಿಂತ ಹೆಚ್ಚುಕಮ್ಮಿ ಐದು ಪಟ್ಟು ಇತ್ತು.

1994ರ ಜನವರಿಯಲ್ಲಿ ಇನ್ನೊಂದು ಗಾಬರಿ. ಸಿಲಿಕೋನ್ ಹಾಕಿಸಿಕೊಂಡ ತಾಯಂದಿರ ಹಾಲು ಕುಡಿದ ಮಕ್ಕಳ ಅನ್ನನಾಳದಲ್ಲಿ ತೊಂದರೆ ಕಂಡಿದೆ ಅಂತ ಒಂದು ವರದಿ ಬಂತು. ನೋಡಿದ್ದು 11 ಮಕ್ಕಳನ್ನು, ಅದರಲ್ಲೂ ಮೂವರು ಬಾಟಲಿ ಹಾಲಿನವರು. ಆದರೆ ಸುದ್ದಿ ಹಬ್ಬಿತು. ಆಗಲೇ ಎಲ್ಲ ಕಡೆ ಕೋರ್ಟು ಕಚೇರಿ. 1992ರಲ್ಲಿ ಎಫ್‌ಡಿಎ ಸಿಲಿಕೋನ್ ಚೀಲಗಳನ್ನು ಬರೀ ಅಂದಕ್ಕಾಗಿ ಹಾಕುವುದನ್ನು ನಿಲ್ಲಿಸಿತ್ತು. 1994ರಲ್ಲಿ ಕಂಪನಿಗಳು 425 ಕೋಟಿ ಡಾಲರಿನ ರಾಜಿಗೆ ಒಪ್ಪಿದವು. 1995ರ ಮೇನಲ್ಲಿ ಡೌ ಕಾರ್ನಿಂಗ್ ದಿವಾಳಿ ಅರ್ಜಿ ಹಾಕಿತು. ಈ ಗಲಾಟೆಯ ನಡುವೆ ಎಷ್ಟು ತಾಯಂದಿರು ಹೆದರಿ ಮಗುವನ್ನು ಎದೆಯಿಂದ ಬಿಡಿಸಿದರೋ ಯಾರು ಲೆಕ್ಕ ಇಟ್ಟಿದ್ದಾರೆ?

1998ರಲ್ಲಿ ಟೊರೊಂಟೊದ ಸಂಶೋಧಕರು ಹಾಲನ್ನೇ ಪ್ರಯೋಗಾಲಯಕ್ಕೆ ಒಯ್ದರು. ಸಿಲಿಕಾನ್ ಅಂಶ ಚೀಲ ಇದ್ದವರ ಹಾಲಿನಲ್ಲಿ ಮಿಲಿಲೀಟರಿಗೆ ಸುಮಾರು 55 ನ್ಯಾನೋಗ್ರಾಂ, ಇಲ್ಲದವರಲ್ಲಿ 51. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಂಗಡಿಯ ಆಕಳ ಹಾಲಿನಲ್ಲಿ 700ಕ್ಕೂ ಹೆಚ್ಚು, ಡಬ್ಬಿಯ ಶಿಶು ಆಹಾರದಲ್ಲಿ 4,000ಕ್ಕೂ ಹೆಚ್ಚು! ಹೆದರಿ ಡಬ್ಬಿಗೆ ಹೋದವರ ಗತಿ ನೋಡಿ. ಮರುವರ್ಷ, 1999ರಲ್ಲಿ, ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ದೊಡ್ಡ ವರದಿ ಕೊಟ್ಟಿತು. ಚೀಲದಿಂದ ಮೈಗೆಲ್ಲ ಹರಡುವ ರೋಗ ಬರುತ್ತದೆ ಅನ್ನಲು ಪುರಾವೆ ಇಲ್ಲ, ಆದರೆ ಹಾಕಿದ ಜಾಗದಲ್ಲೇ ಬರುವ ತೊಂದರೆಗಳು (ಒಡೆಯುವುದು, ಸುತ್ತಲ ಪೊರೆ ಗಟ್ಟಿಯಾಗಿ ಬಿಗಿಯುವುದು, ಮತ್ತೆ ಆಪರೇಶನ್) ಸಾಕಷ್ಟಿವೆ, ಚೀಲ ಇದ್ದ ತಾಯಂದಿರೂ ಎದೆಹಾಲು ಕುಡಿಸಲು ಪ್ರಯತ್ನಿಸಬೇಕು ಅನ್ನುವುದು ಅದರ ಸಾರ.

ಅಂದರೆ ಹಾಲು ಕೆಡುವುದಿಲ್ಲ. ಆದರೆ ಸಾಕಾಗದೇ ಹೋಗಬಹುದು. 1996ರಲ್ಲಿ ಇದನ್ನು ಎಣಿಸಿ ತೋರಿಸಿದ್ದು ಯಾವ ಊರು ಗೊತ್ತೇ? ಅದೇ ಹ್ಯೂಸ್ಟನ್. ಹಾಲೂಡಿಸುವ ಸಲಹೆಗೆ ಬಂದ ತಾಯಂದಿರಲ್ಲಿ ಚೀಲ ಇದ್ದ 42 ಮಂದಿ, ಇಲ್ಲದ 42 ಮಂದಿ. ಹಾಲು ಸಾಲದವರು ಮೊದಲ ಗುಂಪಿನಲ್ಲಿ ಶೇ. 64, ಎರಡನೆಯದರಲ್ಲಿ ಶೇ. 7ಕ್ಕೂ ಕಡಿಮೆ. ಇಲ್ಲೂ ಕಪ್ಪು ವೃತ್ತದ ಅಂಚಿನಲ್ಲಿ ಕೊಯ್ದವರದೇ ಹೆಚ್ಚು ಕಷ್ಟ. ಗುಂಪು ಚಿಕ್ಕದು, ಸಲಹೆ ಕೇಳಿ ಬಂದವರದು, ನಿಜ. ಆದರೆ ಲಿಂಡ್ಸೆಗೆ ಚೀಲ ಹಾಕಿದ ಊರಿನಲ್ಲಿ ಈ ಎಣಿಕೆಯಾಗಲು 34 ವರ್ಷ ಬೇಕಾಯಿತು ಅನ್ನುವುದೇ ನನಗೆ ದೊಡ್ಡದಾಗಿ ಕಂಡಿತು.

ಕಡಿಮೆ ಮಾಡುವ ಕಥೆ

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬರೋಣ.

ಭಾರ ಇಳಿಸುವ ಆಪರೇಶನ್ ಹತ್ತೊಂಬತ್ತನೇ ಶತಮಾನದ ಕೊನೆಗೇ ಶುರುವಾಗಿತ್ತು. ಕಷ್ಟ ಇದ್ದದ್ದು ತೊಟ್ಟಿನದು. ಸ್ತನ ಚಿಕ್ಕದಾದ ಮೇಲೆ ತೊಟ್ಟನ್ನು ಮೇಲಕ್ಕೆ ತರಬೇಕು. ಹೇಗೆ ತರುವುದು? 1922ರಲ್ಲಿ ಶಿಕಾಗೋದ ಮ್ಯಾಕ್ಸ್ ಥೋರೆಕ್ ನೇರ ದಾರಿ ಹಿಡಿದ. ತೊಟ್ಟನ್ನು ಪೂರ್ತಿ ಬಿಡಿಸಿ ತೆಗೆದು, ಸಸಿ ಕಿತ್ತು ನಾಟಿ ಮಾಡಿದ ಹಾಗೆ ಹೊಸ ಜಾಗದಲ್ಲಿ ಕೂರಿಸುವುದು. ನೋಡಲು ಸರಿಯಾಗುತ್ತದೆ, ಚರ್ಮ ಹಿಡಿದುಕೊಳ್ಳುತ್ತದೆ. ಆದರೆ ಕೆಳಗಿನ ನಾಳಗಳು, ನರ ಎಲ್ಲ ಕಡಿದು ಹೋಗಿರುತ್ತವೆ. ಬಹಳ ದೊಡ್ಡ ಗಾತ್ರವಿದ್ದಾಗ ಈಗಲೂ ಇದನ್ನು ಮಾಡುವುದುಂಟು.

1930ರಲ್ಲಿ ಶ್ವಾರ್ಟ್ಸ್‌ಮನ್ ಅನ್ನುವ ಸರ್ಜನ್ ಬೇರೆ ಮಾತು ಹೇಳಿದ. ತೊಟ್ಟಿನ ಸುತ್ತ ಚರ್ಮದ ಒಳಪದರವನ್ನು ಉಳಿಸಿದರೆ ಅದಕ್ಕೆ ರಕ್ತ ಹರಿಯುತ್ತಲೇ ಇರುತ್ತದೆ, ಕಿತ್ತು ತೆಗೆಯಬೇಕಿಲ್ಲ. ಅಲ್ಲಿಂದ ಮುಂದಕ್ಕೆ ಒಬ್ಬರ ಹಿಂದೊಬ್ಬರು. 1960ರಲ್ಲಿ ಸ್ವೀಡನ್ನಿನ ಸ್ಟ್ರೋಂಬೆಕ್ ಅಡ್ಡ ಸೇತುವೆಯ ಹಾಗೆ ಉಳಿಸಿದ. 1972ರಲ್ಲಿ ಮೆಕಿಸಾಕ್ ಮೇಲಿನಿಂದ ಕೆಳಗೆ ಉದ್ದಕ್ಕೆ ಉಳಿಸಿದ. 1970ರ ದಶಕದ ನಡುವಿಗೆ ಬ್ರೆಜಿಲ್ಲಿನ ರಿಬೇರೊ ಮತ್ತು ಇತರರು ತೊಟ್ಟಿನ ಕೆಳಗಿನ ಇಡೀ ಮಾಂಸದ ಕಂಬವನ್ನು ಬುಡಕ್ಕೆ ಅಂಟಿಸಿಯೇ ಇಟ್ಟು ಸುತ್ತಲಿನದನ್ನು ತೆಗೆಯುವ ರೀತಿಯನ್ನು ರೂಢಿಗೆ ತಂದರು.

ಇದು ಪುಣೆಯ ವೈದ್ಯ ಮಾಡಿದ್ದೇ ಅಲ್ಲವೇ? ಹುಬ್ಬಿನ ನಡುವೆ ತೊಟ್ಟು ಉಳಿಸಿದ ಹಾಗೆ ಇಲ್ಲೂ ಒಂದು ಕಾಂಡ ಉಳಿಸುವುದು. ಡಾಕ್ಟರರು ಎರಡಕ್ಕೂ "ಪೆಡಿಕಲ್" ಅನ್ನುವ ಒಂದೇ ಹೆಸರು ಹೇಳುತ್ತಾರೆ. ಹಣ್ಣಿನ ತೊಟ್ಟು, ಮೊಲೆಯ ತೊಟ್ಟು ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ನಮ್ಮ ಹಿರಿಯರಿಗೆ ಗೊತ್ತಿತ್ತೋ ಏನೋ!

ಕಾಂಡ ಉಳಿದರೆ ಹಾಲು ಉಳಿಯುತ್ತದೆಯೇ? 2017ರಲ್ಲಿ ಕೆನಡಾದ ಸಂಶೋಧಕರು ಹಳೆಯ 51 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತೊಟ್ಟಿನ ಕೆಳಗಿನ ಕಂಬವನ್ನು ಏನೂ ಉಳಿಸದ ರೀತಿಗಳಲ್ಲಿ ಹಾಲೂಡಿಸಲು ಆದದ್ದು ಶೇ. 4, ಅರ್ಧಂಬರ್ಧ ಉಳಿಸಿದವುಗಳಲ್ಲಿ ಶೇ. 75, ಪೂರ್ತಿ ಉಳಿಸಿದವುಗಳಲ್ಲಿ ಶೇ. 100. ಇವು ಬೇರೆ ಬೇರೆ ಅಧ್ಯಯನಗಳ ನಡುಮಟ್ಟದ ಅಂಕಿಗಳು. ಹಾಲೂಡಿಸಿದ್ದು ಅಂದರೆ ಎಷ್ಟು ದಿನ, ಮೇಲುಹಾಲು ಕೊಟ್ಟರೋ ಇಲ್ಲವೋ ಅನ್ನುವುದರ ಅಳತೆ ಎಲ್ಲರದೂ ಒಂದೇ ಅಲ್ಲ. ಶೇ. 100 ಅಂದರೆ ಗ್ಯಾರಂಟಿ ಅಲ್ಲ. ಆದರೆ 4ಕ್ಕೂ 100ಕ್ಕೂ ಇರುವ ಅಂತರವನ್ನು ಯಾವ ಆಡಿಟರೂ ಕಣ್ಣುಮುಚ್ಚಿ ಬಿಡುವುದಿಲ್ಲ.

ಅಕ್ಕನ ಮಗಳನ್ನು ಫೋನಿನಲ್ಲಿ ಕೇಳಿದೆ. "ಡಾಕ್ಟರ್ ಯಾವ ರೀತಿ ಮಾಡ್ತೇನಂದಾರ?"

"ಗೊತ್ತಿಲ್ಲ ಚಿಗವ್ವ. ಗಾಯದ ಗುರುತು ಎಲ್ಲಿ ಬರ್ತದ ಅಂತ ತೋರಿಸ್ಯಾರ."

"ಮುಂದ ಹಾಲು ಕುಡಸ್ಬೇಕಂತ ಅದ ಏನು ಅಂತ ಕೇಳಿದ್ರ?"

"ಇಲ್ಲ. ನಾನೂ ಕೇಳಲಿಲ್ಲ."

ಡಾಕ್ಟರರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. 1962ರಲ್ಲಿ ಕೇಳದೇ ಉಳಿದ ಪ್ರಶ್ನೆ ಇವತ್ತಿಗೂ ಕೆಲವು ಕೋಣೆಗಳಲ್ಲಿ ಕೇಳದೇ ಉಳಿದಿದೆ, ಅಷ್ಟೇ.

ಹಾಗಾದರೆ ಮುಂಚೆಯೋ, ಆಮೇಲೋ?

ಮೊದಲು ಒಂದು ಹಳೆಯ ನಂಬಿಕೆ. ಹಾಲು ಕುಡಿಸಿದರೆ ಎದೆ ಜೋತು ಬೀಳುತ್ತದೆ ಅಂತ ನಮ್ಮ ಕಡೆಯೂ ಹೇಳುತ್ತಾರೆ, ಸಾಹೇಬರ ನಾಡಿನಲ್ಲೂ ಹೇಳುತ್ತಾರೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಬ್ರಯನ್ ರಿಂಕರ್ ಅನ್ನುವ ಪ್ಲಾಸ್ಟಿಕ್ ಸರ್ಜನ್ ತಮ್ಮ ಹತ್ತಿರ ಬಂದ ತಾಯಂದಿರನ್ನೇ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಜೋತು ಬೀಳಲು ಕಾರಣ ವಯಸ್ಸು, ಮೈತೂಕ, ಎಷ್ಟು ಸಲ ಬಸುರಿಯಾದರು, ಮೊದಲಿನ ಗಾತ್ರ, ಸಿಗರೇಟು. ಹಾಲು ಕುಡಿಸುವುದು ಆ ಪಟ್ಟಿಯಲ್ಲಿ ಬರಲಿಲ್ಲ. ಬಸುರೇ ಆಕಾರ ಬದಲಿಸುತ್ತದೆ, ಮಗು ಚೀಪುವುದಲ್ಲ.

ಇದರಿಂದ ಒಂದು ಮಾತು ತಿಳಿಯಿತು. ಬರೀ ಆಕಾರಕ್ಕಾಗಿ ದೊಡ್ಡದು ಮಾಡಿಸುವುದು, ಎತ್ತಿ ಕಟ್ಟಿಸುವುದು ಇದ್ದರೆ ಕಾಯುವುದರಲ್ಲಿ ಲಾಭವಿದೆ. ಇವತ್ತು ಮಾಡಿಸಿದ ಆಕಾರವನ್ನು ನಾಳಿನ ಬಸುರು ಬದಲಿಸಬಹುದು, ಮತ್ತೆ ಆಪರೇಶನ್ ಬರಬಹುದು. ಮಕ್ಕಳಾದ ಮೇಲೂ ಹಾಲು ಬಿಡಿಸಿ ಕೆಲವು ತಿಂಗಳು, ಸಾಮಾನ್ಯವಾಗಿ ಆರು ತಿಂಗಳು, ಬಿಟ್ಟು ಮಾಡಿಸಿ ಅನ್ನುತ್ತಾರೆ. ಮುಂಚೆಯೇ ಚೀಲ ಹಾಕಿಸಿಕೊಳ್ಳುವುದಾದರೆ ಕೊಯ್ಯುವುದು ಕಪ್ಪು ವೃತ್ತದ ಅಂಚಿನಲ್ಲೋ, ಸ್ತನದ ಕೆಳಗಿನ ಮಡಿಕೆಯಲ್ಲೋ ಅಂತ ಕೇಳಬೇಕು. ಮಡಿಕೆಯಾದರೆ ನಾಳಗಳಿಗೆ ಪೆಟ್ಟು ಕಡಿಮೆ.

ನೋವಿಗಾಗಿ ಕಡಿಮೆ ಮಾಡಿಸುವವಳ ಲೆಕ್ಕ ಬೇರೆ. ಕಾದರೆ ಹಾಲಿನ ಬಗ್ಗೆ ಅನುಮಾನವಿಲ್ಲ. ಆದರೆ 26ನೇ ವಯಸ್ಸಿನಿಂದ ಎರಡು ಮಕ್ಕಳಾಗಿ ಮುಗಿಯುವವರೆಗೆ ಎಂಟು ಹತ್ತು ವರ್ಷ ಬೆನ್ನುನೋವು. ಬಸುರಿನಲ್ಲಿ ಭಾರ ಇನ್ನೂ ಹೆಚ್ಚುತ್ತದೆ. ಕಾಯದಿದ್ದರೆ ಇವತ್ತೇ ಆರಾಮ, ಆದರೆ ಹಾಲು ಕಡಿಮೆಯಾಗುವ ಅಪಾಯ ಇದ್ದೇ ಇದೆ. ಬಸುರಿನಲ್ಲಿ ಗಾತ್ರ ಮತ್ತೆ ಸ್ವಲ್ಪ ಬೆಳೆಯಲೂಬಹುದು. ನಾನು ಒಂದೇ ಉಸಿರಿಗೆ ಹೇಳಿದ "ಮೊದಲ ಮಕ್ಕಳಾಗಲಿ" ಅನ್ನುವ ಮಾತಿನಲ್ಲಿ ಆ ಹತ್ತು ವರ್ಷದ ನೋವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಖರ್ಚಿನ ಕಾಲಮ್ಮು

ಬಿ.ಕಾಂ. ಓದಿದವಳು ಇದನ್ನು ಬಿಟ್ಟರೆ ಹೇಗೆ?

ಚೀಲ ಜೀವನಪೂರ್ತಿಯ ಸಾಮಾನಲ್ಲ. ಎಫ್‌ಡಿಎ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಹಾಕಿಸಿಕೊಂಡ ಐವರಲ್ಲಿ ಒಬ್ಬರಷ್ಟು ಮಂದಿ ಹತ್ತು ವರ್ಷದೊಳಗೆ ತೆಗೆಸಿಕೊಂಡಿದ್ದಾರೆ. 25ಕ್ಕೆ ಹಾಕಿಸಿಕೊಳ್ಳುವವಳು ಒಂದೇ ಆಪರೇಶನ್ನಿನ ದುಡ್ಡು ಎತ್ತಿಟ್ಟರೆ ಸಾಲದು. ಫ್ರಾನ್ಸಿನ ಪಿಐಪಿ ಕಂಪನಿಯ ಕಥೆ ಗೊತ್ತಿರಬಹುದು. ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕೋನ್ ತುಂಬಿ ಮಾರುತ್ತಿದ್ದದ್ದು 2010ರಲ್ಲಿ ಸಿಕ್ಕಿಬಿತ್ತು. ಫ್ರಾನ್ಸ್ ಒಂದರಲ್ಲೇ ಸುಮಾರು 30,000 ಹೆಂಗಸರು. ಮಾಲೀಕನಿಗೆ 2013ರಲ್ಲಿ ನಾಲ್ಕು ವರ್ಷ ಜೈಲು. 2019ರಲ್ಲಿ ಅಲರ್ಗನ್ ಕಂಪನಿ ಒಂದು ಬಗೆಯ ಒರಟು ಮೈಯ ಚೀಲಗಳನ್ನು ಜಗತ್ತಿನಾದ್ಯಂತ ವಾಪಸ್ ಪಡೆಯಿತು, ಒಂದು ಅಪರೂಪದ ರಕ್ತಸಂಬಂಧಿ ಕ್ಯಾನ್ಸರಿಗೆ ಅವುಗಳ ನಂಟು ಕಂಡದ್ದರಿಂದ. 2021ರಲ್ಲಿ ಎಫ್‌ಡಿಎ ಚೀಲದ ಮಾಹಿತಿ ಪತ್ರದಲ್ಲೇ ಚೌಕಟ್ಟು ಕಟ್ಟಿ ಗಂಭೀರ ಎಚ್ಚರಿಕೆ ಹಾಕಿಸಿ, ಅಪಾಯಗಳ ಪಟ್ಟಿಯನ್ನು ರೋಗಿ ಓದಿ ಸಹಿ ಮಾಡುವ ಅವಕಾಶ ಇರಲೇಬೇಕು ಅಂದಿತು.

ನಮ್ಮ ದೇಶದಲ್ಲಿ? ಅಂದಕ್ಕಾಗಿ ಮಾಡುವ ಸರ್ಜರಿಗೆ 2009ರ ಸೆಪ್ಟೆಂಬರಿನಿಂದ ಸೇವಾ ತೆರಿಗೆ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಆಸ್ಪತ್ರೆ ಚಿಕಿತ್ಸೆಗೆ ಸಿಕ್ಕ ವಿನಾಯಿತಿ ಇದಕ್ಕೆ ಸಿಗಲಿಲ್ಲ. ಹುಟ್ಟಿನ ದೋಷ, ಬೆಳವಣಿಗೆಯ ದೋಷ, ಗಾಯ ಇವಕ್ಕೆ ಮಾತ್ರ ವಿನಾಯಿತಿ. ಆರೋಗ್ಯ ವಿಮೆಯಲ್ಲೂ ಹೀಗೇ. ಐಆರ್‌ಡಿಎಐ 2019ರಲ್ಲಿ ಕೊಟ್ಟ ಮಾದರಿ ಷರತ್ತಿನ ಪ್ರಕಾರ ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ರಿಪೇರಿ, ಇಲ್ಲವೇ ತಕ್ಷಣದ ಆರೋಗ್ಯಾಪಾಯಕ್ಕೆ ಅಗತ್ಯವೆಂದು ಡಾಕ್ಟರ್ ಬರೆದುಕೊಟ್ಟದ್ದು ಬಿಟ್ಟರೆ ಉಳಿದದ್ದಕ್ಕೆ ವಿಮೆ ಇಲ್ಲ. ಹತ್ತು ವರ್ಷದ ಬೆನ್ನುನೋವು "ತಕ್ಷಣದ" ಅಪಾಯವಲ್ಲವಂತೆ. ಅಕ್ಕನ ಮಗಳ ಅರ್ಜಿ ತಿರುಗಿ ಬಂತು.

ಇದರ ನಡುವೆ ಒಂದು ಒಳ್ಳೆಯ ಸುದ್ದಿಯೂ ಇದೆ, ಚೆನ್ನೈಯಲ್ಲಿರುವ ನಮ್ಮವರಿಗೆ ನೆನಪಿರಬಹುದು. 2018ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರ ಅಲ್ಲಿನ ಸ್ಟಾನ್ಲಿ ಆಸ್ಪತ್ರೆಯಲ್ಲಿ ಇಂಥ ಆಪರೇಶನ್ನುಗಳನ್ನು ಬಡವರಿಗೆ ಪುಕ್ಕಟೆ ಮಾಡುವ ಕ್ಲಿನಿಕ್ ತೆರೆಯಿತು. ಟೀವಿಯವರು ನಕ್ಕರು. ಆಗ ನಾನೂ ನಕ್ಕಿದ್ದೆ. ಹೆಗಲ ಮೇಲಿನ ಆ ಎರಡು ಗೆರೆ ನೋಡಿದ ಮೇಲೆ ನಗು ಬರಲಿಲ್ಲ.

ಆಮೇಲೆ?

ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ನಾನು ಬರೆದಿಟ್ಟದ್ದನ್ನೆಲ್ಲ ಅವಳ ಮುಂದಿಟ್ಟೆ. "ಹೀಂಗ ಮಾಡು ಅಂತ ನಾ ಹೇಳೂದಿಲ್ಲ. ಇಷ್ಟು ಕೇಳು" ಅಂತ ಒಂದು ಚೀಟಿ ಕೊಟ್ಟೆ. ತೊಟ್ಟಿನ ಕೆಳಗಿನ ಕಂಬ ಎಷ್ಟು ಉಳಿಯುತ್ತದೆ? ನರ ಉಳಿಯುತ್ತದೆಯೇ? ಹಾಲು ಕಡಿಮೆಯಾದರೆ ಮುಂದೇನು? ಮತ್ತೆ ಆಪರೇಶನ್ ಬಂದರೆ ಎಷ್ಟು ಖರ್ಚು?

ಅವಳು ಬೇರೆ ಸರ್ಜನ್ನರನ್ನು ಕಂಡಳು. ಹುಡುಗನಿಗೂ ಹೇಳಿದಳು. ಅವನು "ನಿನ್ನ ಬೆನ್ನು, ನೀ ನೋಡು" ಅಂದನಂತೆ. (ಅವತ್ತಿನಿಂದ ಆ ಹುಡುಗನ ಮೇಲೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ.) ಮದುವೆಗೆ ಐದು ತಿಂಗಳು ಮುಂಚೆ, ಕಂಬ ಉಳಿಸುವ ರೀತಿಯಲ್ಲೇ, ಆಪರೇಶನ್ ಮಾಡಿಸಿಕೊಂಡಳು. ಅಕ್ಕನಿಗೆ ನಾನೇ ಹೇಳಬೇಕಾಯಿತು. ಅಕ್ಕ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಳು.

ಈಗ ಅವಳಿಗೆ ಐದು ತಿಂಗಳ ಮಗಳಿದ್ದಾಳೆ. ಬಾಣಂತನಕ್ಕೆ ಧಾರವಾಡಕ್ಕೆ ಹೋಗಿದ್ದಳು. ಹಾಲು ಬಂತು, ಆದರೆ ಸಾಲಲಿಲ್ಲ. ಎರಡನೇ ವಾರ ಮಗುವಿನ ತೂಕ ಏರಲಿಲ್ಲ. ಡಾಕ್ಟರ್ ಹೇಳಿದ ಹಾಗೆ ಎದೆಹಾಲು ಕುಡಿಸಿ ಆಮೇಲೆ ಮೇಲುಹಾಲು ಕೊಡಲು ಶುರು ಮಾಡಿದರು. ಅಕ್ಕ ಫೋನಿನಲ್ಲಿ ನನಗೆ ಕೇಳಿಸುವ ಹಾಗೇ ಅಂದಳು, "ನಿಮ್ಮ ಚಿಗವ್ವನ ಮಾತ್ ಕೇಳಿದ್ದಕ್ಕ ಇದು."

ಹುಡುಗಿ ಅಂದದ್ದೂ ಕೇಳಿಸಿತು. "ಅವ್ವ, ಬೆನ್ನು ನೂಸದ ಕೂಸಿನ್ನ ಎತ್ಕೊಂಡು ಕೂತೇನಲ್ಲ, ಅದನ್ನೂ ಲೆಕ್ಕಕ್ಕ ಹಿಡಿ."

ಹಾಲು ಸಾಲಲಿಲ್ಲ ಅಂದಾಗ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಅವತ್ತು ಗಟ್ಟಿಯಾಗಿ "ಕಾಯಿ" ಅಂದಿದ್ದರೆ ಅಂತ ಅನಿಸಿದ್ದು ಸುಳ್ಳಲ್ಲ.

ಮಗು ನೋಡಲು ಹೋದಾಗ ಅಕ್ಕ ನಮ್ಮ ಅವ್ವನ ಬೆಳ್ಳಿ ಒಳಲೆ ತೊಳೆಯುತ್ತಿದ್ದಳು. ಡಾಕ್ಟರ್ ಬಾಟಲಿ ಬೇಡ ಅಂದಿದ್ದರಂತೆ, ಮೇಲುಹಾಲನ್ನು ಒಳಲೆಯಲ್ಲೇ ಹಾಕುತ್ತಿದ್ದರು. ಅದರ ಬಾಯಿ ಸವೆದು ತೆಳ್ಳಗಾಗಿದೆ.

"ಇದರಾಗ ಯಾರ್ಯಾರಿಗೆ ಹಾಲು ಹಾಕ್ಯಾರ ಅಕ್ಕ?" ಅಂದೆ.

"ನಿನಗ ಹಾಕ್ಯಾರ" ಅಂದಳು. "ಅವ್ವಗ ನಿನ್ನ ಸರತಿಗೆ ಹಾಲು ಸಾಲಲಿಲ್ಲ. ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಐವತ್ತೈದು ವರ್ಷ ಯಾರೂ ಹೇಳಿರಲಿಲ್ಲ. ಅಕ್ಕ ಒಳಲೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, "ಹೋಗು, ಈ ಸರ್ತಿ ನೀ ಹಾಕು" ಅಂದಳು.